ಆ ಹಣ ಯಾರಿಗೆ ಸಿಕ್ಕಿತು?

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಇಪ್ಪತ್ತು ವರ್ಷಗಳಾದವು. ಹಣದ ಕುರಿತು ಜನರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡಾಗಿದೆ ಎಂದು ನಾನು ತಿಳಿದುಕೊಂಡಿದ್ದೆ. ಬಡ್ಡಿ ಎಷ್ಟು, ಪಿಂಚಣಿ ಬಂತೇ, ಪಾಸ್ ಬುಕ್ಕಿನಲ್ಲಿ ಯಾಕೆ ಹಣ ಕಡಿತವಾಗಿದೆ ಎಂಬಂಥವಕ್ಕೆಲ್ಲ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಒಂದು ಮಳೆಗಾಲದ ಮಧ್ಯಾಹ್ನ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಿರಾಕಿಯ ಗುಟ್ಟನ್ನು ಕಾಯುವುದು ನನ್ನ ಉದ್ಯೋಗದ ಧರ್ಮವಾದ್ದರಿಂದ ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಎರಡು ಬಳೆಗಳನ್ನೂ ಒಂದು ಅವಲಕ್ಕಿ ಸರವನ್ನೂ ಅಡವಿಡಲು ಬಂದಿದ್ದರು. ಚಿನ್ನ ನೋಡುವ ಆಚಾರಿಯವರು ಒರೆಗೆ ಹಚ್ಚಿ ತೂಕ ಬರೆದುಕೊಳ್ಳುವ ತನಕ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ಮಗ ಫೋನಿನಲ್ಲಿ ಷೇರಿನ ವ್ಯಾಪಾರ ಮಾಡುತ್ತಿದ್ದನೆಂದೂ ಆ ವರ್ಷದ ಅಡಿಕೆ ಮಾರಿದ ಹಣ ಮೂರೂವರೆ ಲಕ್ಷ ಅದರಲ್ಲಿ ಹೋಯಿತೆಂದೂ ತಾವಾಗಿಯೇ ಹೇಳಿದರು. ಸ್ವರದಲ್ಲಿ ಅಳು ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು.

"ಅಲ್ಲ ಅಣ್ಣಾ, ಒಂದು ಕೇಳ್ತೇನೆ. ಕಳ್ಳ ಕದ್ದರೆ ಕಳ್ಳನಿಗೆ ಸಿಕ್ಕಿತು ಅಂತ ಹೇಳಬಹುದು. ಬೆಂಕಿ ಬಿದ್ದರೆ ಬೂದಿಯಾದರೂ ಇರ್ತದೆ. ಇದು ಎಲ್ಲಿಗೆ ಹೋದದ್ದು? ಯಾರಿಗಾದರೂ ಸಿಕ್ಕಿರಬೇಕಲ್ಲ? ಆ ಹಣ ಯಾರಿಗೆ ಸಿಕ್ಕಿತು?"

"ಅದು ಪೇಟೆಯ ಏರಿಳಿತ, ಅಕ್ಕ" ಎಂದೆ. ಆಕೆ ತಲೆಯಾಡಿಸಿದರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ಮನೆಗೆ ಮರಳುವಾಗ ನೆನಪಾದದ್ದು ನನ್ನ ಅಪ್ಪ. ಅಪ್ಪನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಬಗೆಯ ಹಣ: ಬೆವರಿನ ಹಣ, ಬೆವರಿಲ್ಲದ ಹಣ. ತೋಟದ ಅಡಿಕೆ, ಗದ್ದೆಯ ಭತ್ತ, ಆಳಿನ ಕೂಲಿ, ಮಾಸ್ತರರ ಸಂಬಳ ಇವೆಲ್ಲ ಮೊದಲನೆಯ ಸಾಲಿಗೆ ಸೇರಿದವು. ಕೋಳಿ ಅಂಕ, ಇಸ್ಪೀಟು, ಲಾಟರಿ, ಷೇರು ಇವೆಲ್ಲ ಎರಡನೆಯ ಸಾಲಿನವು. ಬೆವರಿಲ್ಲದ ದುಡ್ಡು ಮನೆಯೊಳಗೆ ಬಂದರೂ ನಿಲ್ಲುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಆದರೆ ಅವರು ತೀರಿಕೊಂಡ ಮೇಲೆ ಕಬ್ಬಿಣದ ಪೆಟ್ಟಿಗೆ ತೆರೆದಾಗ ಜಾಗದ ಕಾಗದ, ತೀರ್ವೆಯ ರಶೀದಿ, ನಮ್ಮ ಜಾತಕಗಳ ನಡುವೆ ಕ್ಯಾಂಪ್ಕೊ ಸಂಸ್ಥೆಯ ಪಾಲುಪತ್ರವೊಂದು ಸಿಕ್ಕಿತು. ಷೇರು ಎಂಬ ಮಾತು ಕೇಳಿದರೇ ಮುಖ ಸಿಂಡರಿಸುತ್ತಿದ್ದ ಅಪ್ಪ ತಾವೇ ಒಬ್ಬ ಷೇರುದಾರರಾಗಿದ್ದರು. ಅದನ್ನು ಅವರು ಎಂದೂ ಷೇರು ಎಂದು ಕರೆದಿರಲಿಲ್ಲ, ಅಷ್ಟೆ. ಅದು ಅವರಿಗೆ 'ನಮ್ಮ ಸಂಘ'ವಾಗಿತ್ತು.

ಹಾಗಾದರೆ ಷೇರು ಎಂದರೆ ಪಾಲೋ ಜೂಜೋ? ಈ ಪ್ರಶ್ನೆಯನ್ನು ಬಿಡಿಸದೆ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಗದು. ಷೇರಿನ ವ್ಯವಹಾರವನ್ನೇ ಅರಿಯದ ಓದುಗರು ನಮ್ಮಲ್ಲಿ ಹೆಚ್ಚು ಮಂದಿ ಇರುವುದರಿಂದ ಮೊದಲಿನಿಂದಲೇ ಆರಂಭಿಸುತ್ತೇನೆ.

ಊರಿನಲ್ಲಿ ಒಂದು ತೆಂಗಿನೆಣ್ಣೆಯ ಗಿರಣಿ ಆಗಬೇಕೆಂದು ಇಟ್ಟುಕೊಳ್ಳೋಣ. ಹತ್ತು ಲಕ್ಷ ರೂಪಾಯಿ ಬೇಕು. ಒಬ್ಬನ ಕೈಯಲ್ಲಿ ಅಷ್ಟಿಲ್ಲ. ನೂರು ಜನ ತಲಾ ಹತ್ತು ಸಾವಿರ ಹಾಕುತ್ತಾರೆ. ಗಿರಣಿಯ ನೂರು ಪಾಲುಗಳಲ್ಲಿ ಒಂದೊಂದು ಒಬ್ಬೊಬ್ಬರದು. ಆ ಪಾಲೇ ಷೇರು. ಮಲೆಯಾಳದಲ್ಲಿ ಇದಕ್ಕೆ 'ಓಹರಿ' ಎನ್ನುತ್ತಾರೆ. ತರವಾಡಿನ ಆಸ್ತಿ ಭಾಗವಾಗುವಾಗಲೂ ಅದೇ ಮಾತು, ಕಂಪೆನಿಯ ಷೇರಿಗೂ ಅದೇ ಮಾತು. ಆ ವರ್ಷ ಗಿರಣಿಗೆ ಒಂದು ಲಕ್ಷ ಲಾಭ ಬಂತು. ಅದರಲ್ಲಿ ಅರ್ಧವನ್ನು ಹೊಸ ಯಂತ್ರಕ್ಕೆಂದು ಇಟ್ಟುಕೊಂಡು ಉಳಿದ ಐವತ್ತು ಸಾವಿರವನ್ನು ಹಂಚಿದರೆ ಪ್ರತಿಯೊಬ್ಬನಿಗೆ ಐನೂರು ರೂಪಾಯಿ. ಅದು ಲಾಭಾಂಶ. ನಷ್ಟವಾದ ವರ್ಷ ಏನೂ ಇಲ್ಲ. ಗಿರಣಿ ಮುಚ್ಚಿಹೋದರೆ ಸಾಲಗಾರರಿಗೂ ಕೆಲಸಗಾರರಿಗೂ ಕೊಟ್ಟು ಉಳಿದದ್ದಿದ್ದರೆ ಮಾತ್ರ ಪಾಲುದಾರರಿಗೆ. ಬ್ಯಾಂಕಿನ ಠೇವಣಿಗೂ ಷೇರಿಗೂ ಇರುವ ವ್ಯತ್ಯಾಸ ಇದೇ. ಠೇವಣಿದಾರ ಸಾಲ ಕೊಟ್ಟವನು, ಷೇರುದಾರ ಒಡೆಯ. ಒಡೆಯನಿಗೆ ಊಟ ಕೊನೆಯ ಪಂಕ್ತಿಯಲ್ಲಿ. ಆದರೆ ಅವನು ಕಳೆದುಕೊಳ್ಳುವುದು ತಾನು ಹಾಕಿದ ಹತ್ತು ಸಾವಿರವನ್ನು ಮಾತ್ರ. ಗಿರಣಿಯ ಸಾಲಕ್ಕಾಗಿ ಅವನ ಮನೆಯ ಹಸುವನ್ನು ಯಾರೂ ಬಿಚ್ಚಿಕೊಂಡು ಹೋಗುವಂತಿಲ್ಲ.

ಈಗ ಒಬ್ಬ ಪಾಲುದಾರನಿಗೆ ಮಗಳ ಮದುವೆ ಬಂತು. ಹಣ ಬೇಕು. ಗಿರಣಿಯಿಂದ ಹಿಂದಕ್ಕೆ ಕೇಳುವಂತಿಲ್ಲ. ಅದು ಆಗಲೇ ಯಂತ್ರವಾಗಿದೆ, ಗೋಡೆಯಾಗಿದೆ. ಆಗ ಅವನು ತನ್ನ ಪಾಲನ್ನು ಇನ್ನೊಬ್ಬನಿಗೆ ಮಾರುತ್ತಾನೆ. ಗಿರಣಿ ಚೆನ್ನಾಗಿ ನಡೆಯುತ್ತಿದ್ದರೆ ಹನ್ನೆರಡು ಸಾವಿರಕ್ಕೆ, ಇಲ್ಲವಾದರೆ ಎಂಟು ಸಾವಿರಕ್ಕೆ. ಹೀಗೆ ಮಾರುವವರೂ ಕೊಳ್ಳುವವರೂ ಸೇರುವ ಜಾಗವೇ ಷೇರು ಪೇಟೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಹನ್ನೆರಡು ಸಾವಿರದಲ್ಲಿ ಒಂದು ಪೈಸೆಯೂ ಗಿರಣಿಗೆ ಸೇರುವುದಿಲ್ಲ. ಕಂಪೆನಿಗೆ ಹಣ ಸಿಗುವುದು ಅದು ಹೊಸದಾಗಿ ಷೇರು ಹೊರಡಿಸಿದಾಗ ಮಾತ್ರ. ಆಮೇಲೆ ಪೇಟೆಯಲ್ಲಿ ಕೈಬದಲಾಗುವುದೆಲ್ಲ ಕೊಂಡವನಿಂದ ಮಾರಿದವನಿಗೆ. ಹಾಗಿದ್ದರೆ ಇಂಥ ಪೇಟೆಯಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳಬಹುದು. ಹೊರಬಾಗಿಲಿಲ್ಲದ ಮನೆಯ ಒಳಗೆ ಬರಲು ಯಾರಿಗೂ ಧೈರ್ಯವಾಗದು. ಬೇಕಾದಾಗ ಮಾರಬಹುದು ಎಂಬ ಭರವಸೆ ಇರುವುದರಿಂದಲೇ ಮೊದಲಿನ ನೂರು ಜನ ಹಣ ಹಾಕುತ್ತಾರೆ.

ನಮ್ಮ ದೇಶದಲ್ಲಿ ಈ ಪೇಟೆ ಆರಂಭವಾದದ್ದು ಮರದ ನೆರಳಿನಲ್ಲಿ. 1850ರ ದಶಕದಲ್ಲಿ ಮುಂಬಯಿಯ ಟೌನ್ ಹಾಲಿನ ಎದುರಿನ ಆಲದ ಮರಗಳ ಕೆಳಗೆ ದಲ್ಲಾಳಿಗಳು ಸೇರುತ್ತಿದ್ದರು. 1875ರಲ್ಲಿ ಅವರು ಸಂಘ ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ಅದರ ಮೂವತ್ತು ದೊಡ್ಡ ಕಂಪೆನಿಗಳ ಬೆಲೆಯನ್ನು ಅಳೆಯುವ ಸೂಚ್ಯಂಕವೇ ಸೆನ್ಸೆಕ್ಸ್. 1978-79ರ ಬೆಲೆಯನ್ನು 100 ಎಂದು ಹಿಡಿದು 1986ರಿಂದ ಅದನ್ನು ಪ್ರಕಟಿಸುತ್ತಿದ್ದಾರೆ. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಕಂಪ್ಯೂಟರಿನ ಮೂಲಕ ವಹಿವಾಟು ಸುರುವಾಯಿತು. 1996ರಿಂದ ಕಾಗದದ ಷೇರುಪತ್ರಗಳ ಬದಲು ಡಿಮ್ಯಾಟ್ ಖಾತೆ ಬಂತು. ಪಾಸ್ ಬುಕ್ಕಿನಲ್ಲಿ ಹಣ ಇರುವಂತೆ ಅದರಲ್ಲಿ ಷೇರು ಇರುತ್ತದೆ. ಈಗ ಇವತ್ತು ಮಾರಿದರೆ ಮರುದಿನದ ವಹಿವಾಟಿನಲ್ಲಿ ಲೆಕ್ಕ ತೀರುತ್ತದೆ. ಇವೆಲ್ಲದರ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿ. 1988ರಲ್ಲಿ ಸ್ಥಾಪನೆಯಾದ ಅದಕ್ಕೆ ಕಾನೂನಿನ ಅಧಿಕಾರ ಬಂದದ್ದು 1992ರಲ್ಲಿ.

ಇಷ್ಟು ತಿಳಿದ ಮೇಲೆ ಅಪ್ಪನ ಪ್ರಶ್ನೆಗೆ ಬರೋಣ. ಬೆವರಿಲ್ಲದೆ ಬಂದ ಲಾಭ ಪಾಪವೇ?

ಅಪ್ಪನ ಮಾತಿನ ಮೇಲೆ ನನಗೆ ಗೌರವವಿದೆ. ಆದರೆ ಅವರ ಬದುಕೇ ಅವರ ಮಾತಿಗಿಂತ ಸೂಕ್ಷ್ಮವಾಗಿತ್ತು. ಸುಗ್ಗಿಯಲ್ಲಿ ಅಡಿಕೆ ಒಣಗಿಸಿ, ಸುಲಿಸಿ, ಧಾರಣೆ ಕಡಿಮೆಯಿದ್ದರೆ ಅವರು ಮಾರುತ್ತಿರಲಿಲ್ಲ. ಅಟ್ಟದಲ್ಲಿ ಕಟ್ಟಿಡುತ್ತಿದ್ದರು. ಹೊಸ ಅಡಿಕೆ ಹಳತಾಗಿ ಒಳ್ಳೆಯ ಬೆಲೆ ಬಂದ ಮೇಲೆ ಚೀಲಗಳು ಕೆಳಗಿಳಿಯುತ್ತಿದ್ದವು. ಆ ಹೆಚ್ಚಿನ ಬೆಲೆಗೆ ಯಾವ ಬೆವರು? ಕಾದದ್ದೇ ಬೆವರು. ಆ ಅವಧಿಯಲ್ಲಿ ಹುಳ ಹಿಡಿಯಬಹುದಿತ್ತು, ಬೂಸ್ಟು ಬರಬಹುದಿತ್ತು, ಬೆಲೆ ಇನ್ನೂ ಬೀಳಬಹುದಿತ್ತು. ಆ ಭಯವನ್ನು ಹೊತ್ತುಕೊಂಡು, ಮನೆಯ ಖರ್ಚನ್ನು ಬಿಗಿಹಿಡಿದು ಕಾಯುವುದೂ ಒಂದು ದುಡಿಮೆಯೇ. ನಾನು ಉಣ್ಣುವ ಅನ್ನವೂ ಹೀಗೆಯೇ ಬಂದದ್ದು. ಠೇವಣಿಗೆ ಕೊಡುವ ಬಡ್ಡಿಗೂ ಸಾಲಕ್ಕೆ ತೆಗೆದುಕೊಳ್ಳುವ ಬಡ್ಡಿಗೂ ಇರುವ ಅಂತರದಲ್ಲಿ ನನ್ನ ಸಂಬಳ ಅಡಗಿದೆ. ಅವಿಭಜಿತ ದಕ್ಷಿಣ ಕನ್ನಡದ ಬ್ಯಾಂಕುಗಳು ಬೆಳೆದದ್ದೇ ಹೀಗೆ. 1928ರಲ್ಲಿ ಉಡುಪಿಯ ಕಡೆ ಪಿಗ್ಮಿ ಠೇವಣಿ ಸುರುವಾದಾಗ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿದ ಹಣ ಇನ್ನೊಬ್ಬನ ಅಂಗಡಿಗೆ ಬಂಡವಾಳವಾಯಿತು. ಒಬ್ಬನ ಉಳಿತಾಯ ಇನ್ನೊಬ್ಬನ ದುಡಿಮೆಗೆ ಕೈಯಾಸರೆಯಾಗಿ, ಆ ದುಡಿಮೆಯ ಫಲದಲ್ಲಿ ಒಂದಂಶ ಹಿಂದೆ ಬಂದರೆ ಅದರಲ್ಲಿ ಅಧರ್ಮವೇನೂ ನನಗೆ ಕಾಣುವುದಿಲ್ಲ.

ಆದ್ದರಿಂದ ಬೆವರು ಇದೆಯೋ ಇಲ್ಲವೋ ಎಂಬ ಅಳತೆಗೋಲು ಸಾಲದು. ಆ ತಾಯಿಯ ಪ್ರಶ್ನೆಯೇ ಅದಕ್ಕಿಂತ ಒಳ್ಳೆಯ ಅಳತೆಗೋಲು. ನಷ್ಟವಾದಾಗ ಅವರು ಕೇಳಿದ್ದನ್ನು ನಾವು ಲಾಭವಾದಾಗಲೂ ಕೇಳಿಕೊಳ್ಳಬೇಕು: ನನಗೆ ಬಂದ ಈ ಹಣ ಯಾರದು? ಎಲ್ಲಿಂದ ಬಂತು?

ಎಣ್ಣೆ ಗಿರಣಿಯ ಲಾಭಾಂಶ ಬಂದರೆ ಉತ್ತರ ಸುಲಭ. ಗಿರಣಿ ಎಣ್ಣೆ ಮಾಡಿತು, ಜನ ಕೊಂಡರು, ಕೊಬ್ಬರಿ ಕೊಟ್ಟವನಿಗೂ ಕೆಲಸದವನಿಗೂ ಕೊಟ್ಟು ಉಳಿದದ್ದರಲ್ಲಿ ನನಗೆ ಬಂತು. ಕೊಬ್ಬರಿ ಕೊಟ್ಟವನಿಗೆ ಮೋಸವಾಗದಿದ್ದರೆ ಅದು ಶುದ್ಧ ಹಣ. ಆದರೆ ಮೋಸವಾಗಿದ್ದರೆ? ಇಲ್ಲಿ ಕಾಸರಗೋಡಿನವರಾದ ನಾವು ಸ್ವಲ್ಪ ನಿಲ್ಲಲೇಬೇಕು. ಎಣ್ಮಕಜೆಯ ಸುತ್ತಮುತ್ತ ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ನಮ್ಮ ಮನೆಗಳಿಗೆ ಏನು ಕೊಟ್ಟಿತು ಎಂಬುದನ್ನು ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಷೇಧಿಸಿತು. ತೋಟ ಸರಕಾರಿ ನಿಗಮದ್ದಾಗಿತ್ತು. ಆದರೆ ಆ ವಿಷವನ್ನು ತಯಾರಿಸುತ್ತಿದ್ದವರಲ್ಲಿ ಷೇರು ಪೇಟೆಯ ಕಂಪೆನಿಯೂ ಇತ್ತು. ದೂರದ ಊರಿನಲ್ಲಿ ಅದರ ಷೇರು ಇಟ್ಟುಕೊಂಡಿದ್ದ ಒಬ್ಬ ಗೃಹಸ್ಥ ಕೆಟ್ಟವನಾಗಿರಬೇಕಾಗಿಲ್ಲ. ಬಹುಶಃ ದೇವರಿಗೆ ದೀಪ ಹಚ್ಚುವವನೇ ಇದ್ದಾನು. ಲಾಭಾಂಶದ ಚೆಕ್ಕು ಬಂದಾಗ ಅದನ್ನು ಮಗುವಿನ ಶಾಲೆಯ ಫೀಸಿಗೆ ಕಟ್ಟಿದ್ದಾನು. ಇಲ್ಲಿ ನಮ್ಮ ಮಗುವೊಂದು ಹಾಸಿಗೆಯಿಂದ ಏಳಲಾರದೆ ಮಲಗಿತ್ತೆಂದು ಅವನಿಗೆ ತಿಳಿದಿರಲಿಲ್ಲ. ಷೇರಿನ ಒಡೆತನದ ದೊಡ್ಡ ಅಪಾಯ ಇದು. ಒಡೆಯನಿಗೆ ಫಲ ಕಾಣುತ್ತದೆ, ತೋಟ ಕಾಣುವುದಿಲ್ಲ. ಅಪ್ಪನಿಗೆ ತಮ್ಮ ತೋಟದ ಬದುವಿನಾಚೆ ಯಾರ ಬಾವಿ ಇದೆಯೆಂದು ಗೊತ್ತಿತ್ತು.

ಅಪ್ಪನ ಪಾಲುಪತ್ರ ಅವರಿಗೆ ಬೇರೆಯಾಗಿ ಕಂಡದ್ದಕ್ಕೆ ಕಾರಣವೂ ಇಲ್ಲಿದೆ. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಮೇಲೆ 1973ರಲ್ಲಿ ಗಡಿಯ ಎರಡೂ ಬದಿಯ ಬೆಳೆಗಾರರು ಸೇರಿ ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಸಹಕಾರಿ ಸಂಘದಲ್ಲಿ ಪಾಲು ಎಷ್ಟೇ ಇದ್ದರೂ ಒಬ್ಬನಿಗೆ ಒಂದೇ ಮತ. ಕಂಪೆನಿಯಲ್ಲಿ ಹಾಗಲ್ಲ, ಷೇರಿಗೊಂದು ಮತ. ಹತ್ತು ಷೇರಿನವನ ಮಾತು ಹತ್ತು ಲಕ್ಷ ಷೇರಿನವನ ಎದುರು ಗಾಳಿಗೆ ಹೋದ ಹೊಟ್ಟು. ಅದಕ್ಕಾಗಿ ಕಂಪೆನಿಯ ಷೇರು ಕೂಡದು ಎಂದು ನಾನು ಹೇಳುತ್ತಿಲ್ಲ. ಮತ ಸಣ್ಣದಾದರೂ ಕಣ್ಣು ಮುಚ್ಚಬೇಕಾಗಿಲ್ಲ. ಆ ಕಂಪೆನಿ ಏನು ಮಾಡುತ್ತದೆ, ಯಾರ ನೀರಿಗೆ ಏನು ಬಿಡುತ್ತದೆ ಎಂದು ಕೇಳುವ ಹಕ್ಕೂ, ಮನಸ್ಸಿಗೆ ಒಗ್ಗದಿದ್ದರೆ ಮಾರಿಬಿಡುವ ಸ್ವಾತಂತ್ರ್ಯವೂ ಸಣ್ಣ ಪಾಲುದಾರನಿಗೆ ಇದೆ.

ಇಷ್ಟರ ತನಕ ಪಾಲಿನ ಮಾತಾಯಿತು. ಇದು ಜೂಜಾಗುವುದು ಯಾವಾಗ?

ಷೇರಿನ ಬೆಲೆಯನ್ನು ಎರಡು ಸಂಗತಿಗಳು ನಿರ್ಣಯಿಸುತ್ತವೆ. ಒಂದು, ಕಂಪೆನಿಯ ಗಳಿಕೆ. ಇನ್ನೊಂದು, ಉಳಿದವರು ಏನೆಂದುಕೊಳ್ಳುತ್ತಾರೆ ಎಂಬುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಇದನ್ನು ಪತ್ರಿಕೆಯ ಸೌಂದರ್ಯ ಸ್ಪರ್ಧೆಯೊಂದಕ್ಕೆ ಹೋಲಿಸಿದ್ದ. ಅಲ್ಲಿ ಬಹುಮಾನ ಸಿಗುವುದು ಹೆಚ್ಚು ಜನ ಯಾವ ಮುಖಗಳನ್ನು ಆರಿಸುತ್ತಾರೆಂದು ಊಹಿಸಿದವನಿಗೆ. ಹಾಗಾಗಿ ತನಗೆ ಚೆಂದ ಕಂಡದ್ದನ್ನು ಯಾರೂ ಆರಿಸುವುದಿಲ್ಲ. ಗಿರಣಿಯನ್ನು ಮರೆತು ಇನ್ನೊಬ್ಬನ ಊಹೆಯ ಮೇಲೆ ಊಹೆ ಕಟ್ಟತೊಡಗಿದಾಗ ಪಾಲು ಮೆಲ್ಲನೆ ಪಣವಾಗುತ್ತದೆ.

ಇದು ಹೊಸ ರೋಗವೇನಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹಣ ಷೇರುಗಳಿಗೆ ನುಗ್ಗಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪೆನಿಯ ಷೇರಿಗೆ ಊರೆಲ್ಲ ಹುಚ್ಚಾಯಿತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದೊಡನೆ ಎಲ್ಲವೂ ಕುಸಿಯಿತು. ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಕೂಡ ಮುಳುಗಿತು. 1992ರಲ್ಲಿ ಹರ್ಷದ್ ಮೆಹ್ತಾ ಪ್ರಕರಣದಲ್ಲಿ ಸೆನ್ಸೆಕ್ಸ್ ಏಪ್ರಿಲಿನ ಹೊತ್ತಿಗೆ 4,400 ದಾಟಿ ಮತ್ತೆ ಬಿತ್ತು. ಸರಕಾರಿ ಬಾಂಡುಗಳನ್ನು ಕೊಂಡೆವೆಂದು ಬ್ಯಾಂಕುಗಳು ನಂಬಿದ್ದವು. ಅವುಗಳ ಕೈಯಲ್ಲಿದ್ದ ರಶೀದಿಗಳಲ್ಲಿ ಕೆಲವಕ್ಕೆ ಹಿಂದೆ ಬಾಂಡೇ ಇರಲಿಲ್ಲ. ಹಣ ಮಾತ್ರ ದಲ್ಲಾಳಿಯ ಖಾತೆಯ ಮೂಲಕ ಷೇರು ಪೇಟೆ ಸೇರಿತ್ತು. ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದ ಮೊತ್ತ ಸುಮಾರು 4,000 ಕೋಟಿ ರೂಪಾಯಿ. ಆ ರಶೀದಿಗಳಿಗೆ ಸಹಿ ಹಾಕಿದವರು ನನ್ನಂಥ ಬ್ಯಾಂಕ್ ನೌಕರರು. ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ.

ದೊಡ್ಡವರ ಕತೆ ಹಾಗಿರಲಿ, ನನ್ನ ಸಣ್ಣ ಕತೆಯನ್ನೂ ಹೇಳುತ್ತೇನೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ನಾನು ಸಹೋದ್ಯೋಗಿಯೊಬ್ಬರ ಮಾತು ಕೇಳಿ ನಲವತ್ತು ಸಾವಿರಕ್ಕೆ ಒಂದು ಕಂಪೆನಿಯ ಷೇರು ಕೊಂಡೆ. ಅಕ್ಟೋಬರಿನಲ್ಲಿ ಸೂಚ್ಯಂಕ 9,000ಕ್ಕಿಂತ ಕೆಳಗಿಳಿದಾಗ ನನ್ನ ನಲವತ್ತು ಸಾವಿರ ಎಂಟಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಕೊನೆಗೆ ಗೊತ್ತಾದಾಗ ಹೆಂಡತಿ ಬೈಯಲಿಲ್ಲ. "ಆ ಕಂಪೆನಿ ಏನು ಮಾಡುತ್ತದೆ?" ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ನನಗೆ ಒಂದು ಸತ್ಯ ತಿಳಿಯಿತು. ಮನೆಯಲ್ಲಿ ಹೇಳಲಾಗದ್ದು ಜೂಜು. ಅದಕ್ಕೆ ಕಾನೂನಿನಲ್ಲಿ ಬೇರೆ ಯಾವ ಹೆಸರಿದ್ದರೂ ಸರಿ.

ಇನ್ನು ಆ ತಾಯಿಯ ಮಗನ ವ್ಯವಹಾರಕ್ಕೆ ಬರೋಣ. ಅವನು ಷೇರು ಕೊಂಡಿರಲಿಲ್ಲ. 'ಆಪ್ಶನ್' ಎಂಬುದನ್ನು ಕೊಂಡಿದ್ದ. ಅಡಿಕೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಇಂದು ಕಿಲೋಗೆ 400 ರೂಪಾಯಿ ಇದೆ ಎನ್ನಿ. ತಿಂಗಳ ಕೊನೆಗೆ ನಿಮ್ಮ ಒಂದು ಕ್ವಿಂಟಾಲ್ ಅಡಿಕೆಯನ್ನು ಅದೇ 400ರಂತೆ ಕೊಳ್ಳುವ ಹಕ್ಕು ನನಗಿರಲಿ ಎಂದು ನಾನು ಈಗ ನಿಮಗೆ 1,000 ರೂಪಾಯಿ ಕೊಡುತ್ತೇನೆ. ಬೆಲೆ 420 ಆದರೆ ನನಗೆ ಸಿಗುವುದು 2,000, ಕೊಟ್ಟ ಸಾವಿರ ಕಳೆದರೆ ಉಳಿಕೆ ಒಂದು ಸಾವಿರ. ಬೆಲೆ ಏರದಿದ್ದರೆ ನನ್ನ ಸಾವಿರ ನಿಮ್ಮದಾಯಿತು. ಇದೇ ರೀತಿ ಬೆಲೆ ಬಿದ್ದರೂ ಇಂತಿಷ್ಟಕ್ಕೆ ಮಾರುವ ಹಕ್ಕನ್ನು ಬೆಳೆಗಾರನೊಬ್ಬ ಕೊಂಡುಕೊಂಡರೆ ಅದು ಅವನಿಗೆ ವಿಮೆಯಿದ್ದಂತೆ. ಇದರ ಹುಟ್ಟು ಹೀಗೆ, ತಪ್ಪೇನಿಲ್ಲ. ಆದರೆ ಈಗ ನಿಮ್ಮಲ್ಲೂ ಅಡಿಕೆಯಿಲ್ಲ, ನನ್ನಲ್ಲೂ ಅಡಿಕೆಯಿಲ್ಲ, ಇಬ್ಬರಿಗೂ ಅಡಿಕೆ ಬೇಕಾಗಿಯೂ ಇಲ್ಲ, ವಾರದ ಒಂದು ದಿನ ಬೆಲೆಯ ಅಂಕೆ ನೋಡಿ ವ್ಯತ್ಯಾಸವನ್ನು ಮಾತ್ರ ತೀರಿಸುತ್ತೇವೆ ಎಂದುಕೊಳ್ಳಿ. ಸೂಚ್ಯಂಕದ ಆಪ್ಶನ್ ಎಂದರೆ ಹೆಚ್ಚಿನವರ ಕೈಯಲ್ಲಿ ಆಗುವುದು ಇಷ್ಟೇ. 1872ರ ಕರಾರು ಕಾಯಿದೆಯ ಪ್ರಕಾರ ಪಂದ್ಯದ ಕರಾರಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ವಿನಿಮಯ ಕೇಂದ್ರದ ಮೂಲಕ ನಡೆಯುವ ಈ ವ್ಯವಹಾರಕ್ಕೆ ಬೇರೆ ಕಾಯಿದೆಯ ಅನುಮತಿ ಇದೆ. 2001ರಿಂದ ಸೂಚ್ಯಂಕದ ಆಪ್ಶನ್ ನಮ್ಮಲ್ಲಿ ನಡೆಯುತ್ತಿದೆ. ಕಾನೂನು ಒಪ್ಪಿದ್ದರಿಂದ ಅದರ ಸ್ವಭಾವ ಬದಲಾಗುವುದಿಲ್ಲ.

ಎಣ್ಣೆ ಗಿರಣಿ ಬೆಳೆದರೆ ನೂರು ಜನರೂ ಒಟ್ಟಿಗೆ ಗೆಲ್ಲಬಹುದು. ಈ ಆಟದಲ್ಲಿ ಅದು ಸಾಧ್ಯವಿಲ್ಲ. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಂದ ಹೋದದ್ದೇ. ಕೋಳಿ ಅಂಕದಲ್ಲಿ ಅಂಕ ನಡೆಸುವವನಿಗೆ ಒಂದು ಪಾಲು ಹೋಗುವಂತೆ ಇಲ್ಲಿಯೂ ದಲ್ಲಾಳಿ, ವಿನಿಮಯ ಕೇಂದ್ರ, ಸರಕಾರ ಮೂವರೂ ಪ್ರತಿಯೊಂದು ವಹಿವಾಟಿನಲ್ಲಿ ಕಡಿದುಕೊಳ್ಳುತ್ತಾರೆ. ಆದ್ದರಿಂದ ಆಡುವವರೆಲ್ಲರನ್ನೂ ಒಟ್ಟು ಸೇರಿಸಿದರೆ ಸೋಲು ಖಂಡಿತ.

ಆ ತಾಯಿಯ ಪ್ರಶ್ನೆಗೆ ಅಂಕಿಯ ಉತ್ತರ ಸಿಕ್ಕಿದ್ದು ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನದಲ್ಲಿ. 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಮಿಕ್ಕಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅದರಲ್ಲಿ ಸುಮಾರು 50,000 ಕೋಟಿ ದಲ್ಲಾಳಿ, ಶುಲ್ಕ, ತೆರಿಗೆ ಮುಂತಾದ ಖರ್ಚಿಗೇ ಹೋಯಿತು. 2023-24ರಲ್ಲಿ ಸ್ವಂತ ಬಂಡವಾಳದಿಂದ ಆಡುವ ದೊಡ್ಡ ಸಂಸ್ಥೆಗಳು ಖರ್ಚು ಕಳೆಯುವ ಮೊದಲು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ಲಾಭ ಮಾಡಿದವು. ಆ ಲಾಭದ ಬಹುಭಾಗ ಕಂಪ್ಯೂಟರಿನ ಲೆಕ್ಕಾಚಾರದಿಂದ ತಾನಾಗಿ ನಡೆಯುವ ವಹಿವಾಟಿನದು. ಅಡಿಕೆ ಸುಲಿಯುವ ಹುಡುಗ ಫೋನು ಹಿಡಿದು ಕುಳಿತಾಗ ಎದುರಿಗೆ ಕುಳಿತದ್ದು ಇವರು. ಆಮೇಲೆ ಸೆಬಿ ವಾರದ ವಹಿವಾಟುಗಳನ್ನು ಕಡಿಮೆ ಮಾಡಿತು, ಒಂದು ವ್ಯವಹಾರದ ಗಾತ್ರವನ್ನು ಹೆಚ್ಚಿಸಿತು. ಆದರೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು. ಆ ಒಂದೇ ವರ್ಷದ ನಷ್ಟ ಒಂದು ಲಕ್ಷ ಕೋಟಿಗೂ ಮಿಕ್ಕಿತು.

ಲೆಕ್ಕ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಒಂದು ಪಾಲು ಉಳಿದಿದೆ. ಆ ಹುಡುಗನ ಡಿಮ್ಯಾಟ್ ಖಾತೆ ತೆರೆದವನು ನಾನು. ಆ ವರ್ಷ ಪ್ರತಿಯೊಬ್ಬ ನೌಕರನಿಗೂ ತಿಂಗಳಿಗೆ ಇಂತಿಷ್ಟು ಖಾತೆ ತೆರೆಸಬೇಕೆಂಬ ಗುರಿ ಇತ್ತು. ಹುಡುಗ ಬಂದು ಕೇಳಿದಾಗ ನನಗೆ ಖುಷಿಯಾಗಿತ್ತು. ಫಾರಂ ತುಂಬಿಸಿದೆ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದೆ, ಅಪಾಯದ ಸೂಚನೆಯ ಪುಟವನ್ನು ಓದಲು ಹೇಳದೆ ಮಗುಚಿದೆ. ಷೇರು ಎಂದರೇನು, ಆಪ್ಶನ್ ಎಂದರೇನು ಎಂದು ವಿವರಿಸಲು ಹತ್ತು ನಿಮಿಷ ಸಾಕಿತ್ತು. ಸಾಲಿನಲ್ಲಿ ಜನ ನಿಂತಿದ್ದರು. ಹಾಗಾಗಿ ಆ ತಾಯಿ 'ಯಾರಿಗೆ ಸಿಕ್ಕಿತು' ಎಂದು ಕೇಳಿದಾಗ ನನಗೆ ಉತ್ತರ ಹೊಳೆಯದಿದ್ದುದಕ್ಕೆ ನನ್ನ ಅಜ್ಞಾನವೊಂದೇ ಕಾರಣವಾಗಿರಲಿಲ್ಲ. ಅತ್ಯಂತ ಸಣ್ಣದಾದರೂ ಒಂದು ಪಾಲು ನನ್ನ ತಿಂಗಳ ಗುರಿಯ ಪಟ್ಟಿಗೆ ಸಿಕ್ಕಿತ್ತು.

ನಮ್ಮೂರಿನ ತಾಳಮದ್ದಳೆಗಳಲ್ಲಿ ದ್ಯೂತ ಪ್ರಸಂಗ ಬಂದಾಗ ಬೆಳಗಿನ ತನಕ ವಾದ ನಡೆಯುವುದು ದ್ರೌಪದಿಯ ಪ್ರಶ್ನೆಯ ಮೇಲೆ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಿಡುವ ಹಕ್ಕಿದೆಯೇ? ಧರ್ಮರಾಯನನ್ನು ದೂಷಿಸುವವರು, ಶಕುನಿಯನ್ನು ದೂಷಿಸುವವರು ಇದ್ದಾರೆ. ನನಗೆ ಈಗ ಹೆಚ್ಚು ನೆನಪಾಗುವುದು ಸಭೆಯಲ್ಲಿ ಕುಳಿತಿದ್ದ ಹಿರಿಯರು. ಅವರು ದಾಳ ಹಾಕಲಿಲ್ಲ, ಪಣ ಒಡ್ಡಲಿಲ್ಲ, ಗೆಲ್ಲಲೂ ಇಲ್ಲ. ನೋಡುತ್ತ ಕುಳಿತರು, ಅಷ್ಟೆ. ಕೇಳಿದಾಗ ಧರ್ಮ ಸೂಕ್ಷ್ಮವಾದುದು ಎಂದರು. ಪೇಟೆಯ ಏರಿಳಿತ ಎಂದು ನಾನು ಹೇಳಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಆಮೇಲೆ ನಾನು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಯಾರಾದರೂ ಷೇರಿನ ಬಗ್ಗೆ ಕೇಳಿದರೆ ಅವನ್ನೇ ಹೇಳುತ್ತೇನೆ. ಸಾಲದ ಹಣ, ಅಡವಿನ ಹಣ, ಮದುವೆಗೋ ಔಷಧಕ್ಕೋ ಇಟ್ಟ ಹಣ ಷೇರಿಗೆ ಬೇಡ. ಅಂಥ ಹಣಕ್ಕೆ ಕಾಯುವ ಶಕ್ತಿ ಇಲ್ಲ. 2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ 3,900 ಅಂಶಗಳಿಗೂ ಹೆಚ್ಚು ಬಿತ್ತು. ಅದೇ ವರ್ಷ ಮುಗಿಯುವುದರೊಳಗೆ ಹಿಂದಿನ ಎತ್ತರವನ್ನು ದಾಟಿತು. ಕಾಯಬಲ್ಲವನಿಗೆ ಅದು ಒಂದು ಕೆಟ್ಟ ಮಳೆಗಾಲ, ಸಾಲಗಾರನಿಗೆ ಪ್ರಳಯ. 1978-79ರ ನೂರು 2024ರಲ್ಲಿ 80,000 ದಾಟಿತೆಂದು ಕೇಳಿ ಮರುಳಾಗುವುದೂ ಬೇಡ. ಬಿದ್ದ ಕಂಪೆನಿಗಳನ್ನು ಆ ಮೂವತ್ತರ ಪಟ್ಟಿಯಿಂದ ತೆಗೆದು ಎದ್ದವನ್ನು ಸೇರಿಸುತ್ತ ಬಂದಿದ್ದಾರೆ. ನಾವು ಕೊಂಡ ಒಂದು ಷೇರಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಒಂದೇ ಬುಟ್ಟಿಯಲ್ಲಿ ಎಲ್ಲವನ್ನೂ ಇಡಬಾರದು. ಕಂಪೆನಿ ಏನು ಮಾಡುತ್ತದೆ ಎಂದು ಮನೆಯವರಿಗೆ ಎರಡು ಮಾತಿನಲ್ಲಿ ವಿವರಿಸಲಾಗದಿದ್ದರೆ ಕೊಳ್ಳಬಾರದು. ಅದರ ಕಾರ್ಖಾನೆ ನಮ್ಮ ಬಾವಿಯ ಪಕ್ಕದಲ್ಲಿದ್ದರೆ ನಾವು ಒಪ್ಪುತ್ತಿದ್ದೆವೇ ಎಂದು ಒಮ್ಮೆ ಕೇಳಿಕೊಳ್ಳಬೇಕು. ಆಪ್ಶನಿನ ಕಡೆಗಂತೂ ನಮ್ಮ ಮಕ್ಕಳು ತಲೆಹಾಕದಿರಲಿ. ಇವನ್ನೆಲ್ಲ ಹೇಳಲು ಹತ್ತು ನಿಮಿಷ ಬೇಕು. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಗೊಣಗಲಿ.

ಎರಡು ಸುಗ್ಗಿ ಕಳೆದ ಮೇಲೆ ಆ ತಾಯಿ ಒಂದು ಬಳೆ ಬಿಡಿಸಿಕೊಳ್ಳಲು ಬಂದರು. ಮಗ ತೋಟದ ಕೆಲಸ ನೋಡಿಕೊಳ್ಳುತ್ತಿದ್ದಾನೆ, ಆ ವರ್ಷ ಮಹಾಳಿಯೂ ಅಷ್ಟಿರಲಿಲ್ಲ ಎಂದರು. ನಾನು, "ಅಕ್ಕ, ನೀವು ಆ ದಿನ ಒಂದು ಪ್ರಶ್ನೆ ಕೇಳಿದ್ದಿರಿ" ಎಂದು ಆರಂಭಿಸಿ, ಗೊತ್ತಿದ್ದಷ್ಟನ್ನು ಹೇಳಿದೆ. ಖಾತೆ ತೆರೆದದ್ದು ನಾನೇ ಎಂಬುದನ್ನೂ ಹೇಳಿದೆ. ಆಕೆ ಕೊನೆಯ ತನಕ ಕೇಳಿದರು.

"ಅಂದರೆ ಒಬ್ಬನಿಗೆ ಸಿಕ್ಕಿದ್ದಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ತಿಂದದ್ದು" ಎಂದರು. ಬಳೆಯನ್ನು ಕೈಗೆ ಹಾಕಿಕೊಳ್ಳುತ್ತ ಮತ್ತೆ ಹೇಳಿದರು: "ನನ್ನ ಮಗ ಗೆದ್ದಿದ್ದರೆ ಬೇರೆ ಯಾರೋ ಒಬ್ಬಳು ತಾಯಿ ಎಲ್ಲೋ ಬಳೆ ಇಡಬೇಕಿತ್ತು, ಅಲ್ವಾ ಅಣ್ಣಾ? ಆಗ ನಾನು ಕೇಳ್ತಿರಲಿಲ್ಲ."

ಹೌದೆಂದೆ. ರಶೀದಿಗೆ ಮುದ್ರೆ ಒತ್ತಿ ಕೊಟ್ಟೆ. ಸರ ಮತ್ತು ಇನ್ನೊಂದು ಬಳೆ ಇನ್ನೂ ನಮ್ಮ ಕಪಾಟಿನಲ್ಲಿವೆ.